ಹೊಸ ಕತ್ತಿಗೆ ಆರು ಕಿವಿ

ಅಪ್ಪನ ಹೊಲಿಗೆ ಅಂಗಡಿ, ಬಟ್ಟೆ ಕತ್ತರಿಸುವ ಮೇಜು
ಭಾನುವಾರ, ಮಾರ್ಚ್ ೯

ನನ್ನ ಮುದ್ದು ಕೋತಿ ತಮ್ಮನಿಗೆ,

ಹೇಗಿದ್ದೀಯ? ಅಮ್ಮನಿಗೆ ಫೋನಿನಲ್ಲಿ "ಫಸ್ಟ್ ಕ್ಲಾಸಾಗಿದೀನಿ" ಅಂದೆಯಂತೆ. ನಾನು ನಂಬಿಲ್ಲ. ಮಾತಿನ ನಡುವೆ ಕೆಮ್ಮಿದೆ ಎಂದು ಅಮ್ಮನೇ ಹೇಳಿದಳು, ಮರುಕ್ಷಣವೇ "ಧೂಳು ಕಣೇ, ಪ್ರೆಸ್ಸಲ್ಲಿ ಕಾಗದದ ಧೂಳು ಇರುತ್ತಂತೆ" ಎಂದು ನಿನ್ನ ಪರ ವಕಾಲತ್ತನ್ನೂ ಹಾಕಿದಳು. ಕಾಗದಕ್ಕೆ ಧೂಳಿರುತ್ತದೆ, ಒಪ್ಪಿದೆ. ಹೊತ್ತಿಗೆ ಸರಿಯಾಗಿ ಉಣ್ಣದವರಿಗೂ ಕೆಮ್ಮು ಬರುತ್ತದೆ. ಬಿಸಿನೀರು ಕುಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು. ನನ್ನ ಕರೆ ಬಂದರೆ ಕಟ್ ಮಾಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನು ಹರಿದು ಹಾಕಬಹುದು, ಆದರೆ ಅದಕ್ಕೆ ಮೊದಲು ಓದಿಯೇ ಓದುತ್ತೀಯ. ಅಷ್ಟು ಗೊತ್ತು ನಿನ್ನ ಬುದ್ಧಿ.

ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಬಾಯಿ ಮಾತ್ರ ಮೊದಲಿನ ಹಾಗೇ ಚುರುಕು. ಅಪ್ಪ ದಪ್ಪ ಗಾಜಿನ ಕನ್ನಡಕಕ್ಕೆ ಬಂದಿದ್ದಾರೆ. ನಾನು ಅದೇ ಬೇರಿಂಗ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ, ಕೈಗೆ ಬಂದ ಪ್ರತಿಯೊಂದು ಉಕ್ಕಿನ ಗುಂಡನ್ನೂ ಅನುಮಾನಿಸಿ ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಆ ಚಾಳಿಯನ್ನು ಅಲ್ಲೇ ಗೇಟಿನ ಹತ್ತಿರ ಬಿಟ್ಟು ಬಾ ಎಂದು ನೀನು ಎಷ್ಟು ಗೇಲಿ ಮಾಡುತ್ತಿದ್ದೆ! ಬಿಡಲು ಆಗಿಲ್ಲ. ಈಗಂತೂ ಮನೆಯವರ ಮೇಲೇ ತಿರುಗಿದೆ.

ಅಪ್ಪನ ಮೇಲೆ ಅನುಮಾನ ಹುಟ್ಟಿದ್ದು ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆಯಿಂದ. ಕೆಲಸ ಮುಗಿಸಿ ಬರುವಾಗ ಅಂಗಡಿಗೆ ಇಣುಕಿದರೆ, ಅವರು ಅದನ್ನು ಗಡಿಬಿಡಿಯಿಂದ ಇಸ್ತ್ರಿ ಮೇಜಿನ ಕೆಳಗೆ ತಳ್ಳಿ ಮೇಲೆ ಯಾರದೋ ಕೋಟನ್ನು ಎಸೆದರು. ಏನದು ಎಂದರೆ, "ಗುಂಡಿ ಕಣೆ, ಕೋಟಿನ ಗುಂಡಿ" ಎಂದರು. ಮೊಳಕ್ಕಿಂತ ಉದ್ದದ ಪೆಟ್ಟಿಗೆಯಲ್ಲಿ ಬರುವ ಗುಂಡಿಯನ್ನು ನಾನಂತೂ ಕಂಡಿಲ್ಲ. ಮಧ್ಯಾಹ್ನಗಳಲ್ಲಿ ಶಟರ್ ಅರ್ಧ ಇಳಿದಿರುತ್ತದೆ ಎಂದು ಪಕ್ಕದ ಚಪ್ಪಲಿ ಅಂಗಡಿಯಾಕೆ ಕಿವಿಗೆ ಹಾಕಿದಳು. ಮನೆಗೆ ಬಂದು ನೋಡಿದರೆ ನಿನ್ನ ಕಪಾಟಿನ ಮೇಲಿದ್ದ ಗಿಟಾರಿನ ಚೀಲ ಮಾಯ. ಅಮ್ಮನನ್ನು ಕೇಳಿದೆ. ಅವಳು ಪಾತ್ರೆ ತೊಳೆಯುವ ಕಡೆ ತಿರುಗಿ, "ನಂಗೇನೇ ಗೊತ್ತು? ಆ ವಿಷ್ಯ ತೆಗೀಬೇಡ" ಎಂದಳು. ಸರಿ, ಅಪ್ಪ ಅದನ್ನು ಮಾರುತ್ತಿದ್ದಾರೆ, ಅಮ್ಮನಿಗೂ ಗೊತ್ತಿದೆ, ಇಬ್ಬರೂ ಸೇರಿ ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂದುಕೊಂಡೆ.

ನಿನಗೆ ಇಷ್ಟವಾಗಲಿ ಬಿಡಲಿ, ನೀನು ಮನೆ ಬಿಟ್ಟು ಹೊರಟುಹೋದ ದಿನವನ್ನು ಇಲ್ಲಿ ಬರೆಯಲೇಬೇಕು. ಗಿಟಾರಿನ ತಲೆ ಕತ್ತಿನಿಂದ ಬೇರಾಗಿ ತಂತಿಗಳಲ್ಲಿ ಜೋತಾಡುತ್ತಿತ್ತು. ಅದನ್ನು ನೀನು ಎತ್ತಿ ತಂದು ಊಟದ ಮೇಜಿನ ಮೇಲಿಟ್ಟು, ಅಪ್ಪನ ಮುಖಕ್ಕೆ ಬೆರಳು ಮಾಡಿ, "ನೀವೇ ಮುರಿದಿದ್ದು. ನಾನು ನುಡಿಸಿದ್ರೆ ತಗಡು ಬಡಿದ ಹಾಗಿದೆ ಅಂತಿದ್ರಲ್ಲ, ಈಗ ಸಮಾಧಾನ ಆಯ್ತಾ?" ಎಂದೆ. ಅಪ್ಪ ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ತಟ್ಟೆ ನೋಡುತ್ತ ಕೂತರು. ಆ ಮೌನವನ್ನೇ ನಾವು ಒಪ್ಪಿಗೆ ಎಂದು ತಿಳಿದೆವು. ನಾನೂ ತಿಳಿದೆ.

ಹಾಗಾಗಿ ಅರ್ಧ ದಿನ ರಜೆ ಹಾಕಿ, ಕೈಯಾರೆ ಹಿಡಿಯುತ್ತೇನೆ ಎಂದು ಅಂಗಡಿಗೆ ಹೋದೆ. ಶಟರಿನ ಕೆಳಗೆ ಬಗ್ಗಿ ಒಳನುಗ್ಗಿದರೆ, ಇದೇ ಮೇಜಿನ ಮೇಲೆ ಲೈನಿಂಗ್ ಬಟ್ಟೆ ಹಾಸಿ ನಿನ್ನ ಗಿಟಾರಿನ ಒಡಲನ್ನು ಮಲಗಿಸಿದ್ದಾರೆ. ಪಕ್ಕದಲ್ಲಿ ಹೊಚ್ಚ ಹೊಸ ಮರದ ಕತ್ತು. ಅದರ ತಲೆಯಲ್ಲಿ ಸಾಲಾಗಿ ಆರು ತೂತು. ಅಪ್ಪ ಹೊಲಿಗೆ ಟೇಪು ಹಿಡಿದು ಆ ತೂತುಗಳನ್ನು ಅಳೆಯುತ್ತಿದ್ದಾರೆ! ನನ್ನನ್ನು ಕಂಡು ಸಕ್ಕರೆ ಡಬ್ಬಿಗೆ ಕೈ ಹಾಕಿದ ಮಗುವಿನ ಹಾಗೆ ನೋಡಿ, "ಶಟರ್ ಪೂರ್ತಿ ಎಳಿ. ನಿಮ್ಮಮ್ಮ ಈ ಕಡೆ ಬಂದ್ರೆ ಕಷ್ಟ" ಎಂದರು. ಅಮ್ಮನಿಂದ ಯಾಕೆ ಮುಚ್ಚಿಡಬೇಕು ಎಂದೆ. "ಅವಳಿಗೆ ಬೇಜಾರಾಗುತ್ತೆ" ಎಂದಷ್ಟೇ ಹೇಳಿ ಟೇಪು ಕೊರಳಿಗೆ ಹಾಕಿಕೊಂಡರು. ಮಾರುತ್ತಿಲ್ಲ ಎಂದು ಎದೆ ಹಗುರಾಯಿತು, ಆದರೆ ಅನುಮಾನ ಹೋಗಲಿಲ್ಲ. ತಾವೇ ಮುರಿದದ್ದನ್ನು ಗುಟ್ಟಾಗಿ ಸರಿಮಾಡಿ ಪಾಪ ತೊಳೆದುಕೊಳ್ಳುತ್ತಿದ್ದಾರೆ ಎಂದು ಅದು ರೂಪ ಬದಲಿಸಿತು, ಅಷ್ಟೆ.

ತಂತಿಯ ಶ್ರುತಿ ಏರಿಸಿ ಇಳಿಸುವ ತಿರುಪಿಗೆ ಟ್ಯೂನರ್ ಎನ್ನುತ್ತಾರೆಂದು ನಿನ್ನಿಂದಲೇ ಕಲಿತವಳು ನಾನು. ಅಪ್ಪನ ಬಾಯಲ್ಲಿ ಅದು ಕಿವಿ. "ಹಿಂಡಿದ್ರೆ ದಾರಿಗೆ ಬರುತ್ತೆ, ಕಿವಿ ಅನ್ನದೆ ಇನ್ನೇನು ಅನ್ಲಿ?" ಹಳೆಯ ಆರು ಕಿವಿಗಳನ್ನೇ ಹೊಸ ತಲೆಗೆ ಹಾಕೋಣ ಎಂದಿದ್ದರು. ಹಾಕಿ ನೋಡಿದರೆ ಸಡಿಲ ಬೂಟಿನಲ್ಲಿ ಕಾಲಿಟ್ಟ ಹಾಗೆ ಅಲುಗಾಡುತ್ತವೆ. ನನ್ನ ವರ್ನಿಯರ್ ತಂದು ಅಳೆದೆ. ಹೊಸ ತೂತಿಗೂ ಹಳೆಯ ಕಿವಿಗೂ ಒಂದೂವರೆ ಮಿಲಿಮೀಟರ್ ವ್ಯತ್ಯಾಸ. ಅಪ್ಪ, "ಅದಕ್ಕೇನಂತೆ, ನಾಲ್ಕು ಸುತ್ತು ದಾರ ಸುತ್ತಿದ್ರೆ ಕಚ್ಚಿ ಕೂರುತ್ತೆ" ಎಂದರು. ದರ್ಜಿಗೆ ಜಗತ್ತಿನ ಎಲ್ಲ ರೋಗಕ್ಕೂ ದಾರವೇ ಮದ್ದು! ನಾನು ಒಪ್ಪಲಿಲ್ಲ. ಹೊಸ ಕಿವಿಗಳನ್ನು ತರಿಸಿದರು. ಪೊಟ್ಟಣ ಬಿಚ್ಚಿದರೆ ಮೂರು ಎಡಕ್ಕೆ, ಮೂರು ಬಲಕ್ಕೆ ತಿರುಗಿದವು. ನಿನ್ನ ಗಿಟಾರಿನ ತಲೆಗೆ ಆರೂ ಒಂದೇ ಪಕ್ಕ ಬೇಕು. ಮಾರಿದವನು ಬೇಕೆಂದೇ ಉಳಿದ ಸರಕು ತಳ್ಳಿದ್ದಾನೆ ಎಂದು ನಾನು, ಪೊಟ್ಟಣದ ಮೇಲಿನ ಚಿತ್ರವನ್ನು ತಾವೇ ನೋಡಿರಲಿಲ್ಲ ಎಂದು ಅಪ್ಪ.

ಕೊನೆಗೆ ಇಬ್ಬರೂ ನೀನು ಗಿಟಾರ್ ಕೊಂಡಿದ್ದ ಹಳೆ ವಾದ್ಯಗಳ ಅಂಗಡಿಗೇ ಹೋದೆವು. ಆ ತಾತ ಮೂರು ಬಗೆ ತೋರಿಸಿದರು. ಹಲ್ಲುಗಾಲಿ ಹೊರಗೆ ಕಾಣುವ ಹಳೇ ಮಾದರಿ ಚೆಂದವಿತ್ತು, ಆದರೆ ನಿನ್ನ ಕೋಣೆಯ ಧೂಳನ್ನು ನೆನೆದು ಬೇಡವೆಂದೆ. ತಂತಿಯನ್ನು ಒಳಗೇ ಕಚ್ಚಿ ಹಿಡಿಯುವ ಬಗೆಯದು ಭಾರ. ಅಂಥವನ್ನು ಹಾಕಿದರೆ ಕೈ ಬಿಟ್ಟೊಡನೆ ಗಿಟಾರು ತೂಕಡಿಸುವವನ ಹಾಗೆ ತಲೆ ಬಗ್ಗಿಸುತ್ತದೆ ಎಂದು ತಾತನೇ ಎಚ್ಚರಿಸಿದರು. ಉಳಿದದ್ದು ಹಲ್ಲುಗಾಲಿ ಮುಚ್ಚಿದ ಸಾದಾ ಬಗೆ. ಒಂದೊಂದನ್ನೂ ಬೆರಳಲ್ಲಿ ಮುಂದಕ್ಕೆ ತಿರುಗಿಸಿ, ಹಿಂದಕ್ಕೆ ತಿರುಗಿಸಿ, ಹಿಡಿತವಿಲ್ಲದೆ ಖಾಲಿ ತಿರುಗುತ್ತದೆಯೇ ನೋಡಿದೆ. ಒಂದು ಹಾಗೆ ತಿರುಗಿತು. ಇನ್ನೊಂದು ಡಬ್ಬಿ ಒಡೆಸಿದೆ. ಅಪ್ಪ ನಾಚಿಕೆಯಿಂದ ಬೀದಿ ನೋಡುತ್ತ ನಿಂತರು. ತಾತ ಬೇಸರಿಸದೆ ಕೊಟ್ಟು, "ಹಳೇ ಕತ್ತಿಗೆ ಏನಾಯ್ತಮ್ಮಾ? ನಾನು ಕೊಟ್ಟಾಗ ಗಟ್ಟಿಮುಟ್ಟಾಗಿತ್ತಲ್ಲ" ಎಂದರು. ಕೇಳದಿದ್ದರೂ ಯಾಕೆ ಗಟ್ಟಿ ಎನ್ನುತ್ತಿದ್ದಾರೆ ಎಂದು ನನಗೆ ಅಲ್ಲೂ ಒಂದು ಮುಳ್ಳು ಚುಚ್ಚಿತು.

ಕಿವಿ ಕೂರಿಸುವುದು ಸೂಜಿ ಪೋಣಿಸಿದಷ್ಟು ಸೂಕ್ಷ್ಮದ ಕೆಲಸ ಕಣೋ. ಹಿಂದಿನಿಂದ ತೂರಿಸಿ, ಮುಂದಿನಿಂದ ನಟ್ಟನ್ನು ಬೆರಳಿನಿಂದಷ್ಟೇ ಬಿಗಿದು, ಆರೂ ಒಂದೇ ಗೆರೆಯಲ್ಲಿ ನಿಲ್ಲುವಂತೆ ಉಕ್ಕಿನ ಸ್ಕೇಲನ್ನು ಒತ್ತಿ ಹಿಡಿದೆ. ಅಪ್ಪ ಪೆನ್ಸಿಲ್ ಚುಕ್ಕೆ ಇಟ್ಟರು. ಮರದ ಆಚೆ ಕಡೆಗೆ ತೂತು ಬೀಳದ ಹಾಗೆ ಡ್ರಿಲ್ಲಿನ ಮೊನೆಗೆ ಅಂಟುಪಟ್ಟಿ ಸುತ್ತಿ ಗುರುತು ಮಾಡಿಕೊಂಡು, ಉಸಿರು ಬಿಗಿ ಹಿಡಿದು ಕೈಯಿಂದಲೇ ಕೊರೆದರು. ಪುಟ್ಟ ಸ್ಕ್ರೂಗಳನ್ನು, ದಾರಕ್ಕೆ ಉಜ್ಜುವ ಮೇಣದ ತುಂಡಿಗೆ ಒಮ್ಮೆ ಉಜ್ಜಿ ತಿರುಗಿಸಿದರೆ ಬೆಣ್ಣೆಗೆ ಇಳಿದ ಹಾಗೆ ಇಳಿದವು. ಅಪ್ಪನ ಬೆರಳು ನಡುಗುತ್ತಿತ್ತು. ಕನ್ನಡಕ ಮೂಗಿನ ತುದಿಗೆ ಜಾರಿದರೂ ಸರಿಮಾಡಿಕೊಳ್ಳಲಿಲ್ಲ.

ಕೊನೆಯ ಕಿವಿ ಕೊಂಚ ಓರೆ ಕಂಡಿತು. ಹಳೆಯದರಲ್ಲಿ ಹೇಗಿತ್ತು ನೋಡೋಣ ಎಂದು ನಾನು ಮುರಿದ ತಲೆಯನ್ನು ಚೀಲದಿಂದ ತೆಗೆದು ದೀಪದ ಕೆಳಗೆ ಹಿಡಿದೆ. ನೋಡಬೇಕಾದದ್ದನ್ನು ಬಿಟ್ಟು ಕಣ್ಣು ಬಿರುಕಿಗೆ ಹೋಯಿತು. ಬಿರುಕು ನೋಡುವುದೇ ನನ್ನ ಅನ್ನವಲ್ಲವೇ? ಮುರಿದ ಮರದಲ್ಲಿ ಸ್ವಲ್ಪ ಭಾಗ ಮಾತ್ರ ತಿಳಿಯಾಗಿ, ಹೊಸದಾಗಿ ಸೀಳಿದ ಹಾಗಿತ್ತು. ಉಳಿದದ್ದೆಲ್ಲ ಕಂದು, ಮೇಲೆ ಗಾಜಿನಂತೆ ಹೆಪ್ಪುಗಟ್ಟಿದ ಅಂಟು. ಹೊರಗೆ ಆ ಗೆರೆ ಕಾಣದಂತೆ ಕಪ್ಪು ಬಣ್ಣ ಬಳಿದಿದ್ದರು. ಈ ಕತ್ತು ಮೊದಲೇ ಒಮ್ಮೆ ಮುರಿದಿತ್ತು, ತಮ್ಮಾ. ಯಾರೋ ಅಂಟಿಸಿದ್ದರು. ತಂತಿಗಳ ಸೆಳೆತಕ್ಕೆ ಅದು ತಾನಾಗಿಯೇ ಬಿಟ್ಟುಕೊಂಡಿದೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಮುರಿದಿಲ್ಲ.

ಅಪ್ಪನಿಗೆ ತೋರಿಸಿದೆ. ಅವರು ಆ ತುಂಡನ್ನು ಕನ್ನಡಕದ ಹತ್ತಿರ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ, ಮೆಲ್ಲಗೆ, "ಹಾಗಾದ್ರೆ ಅವಳಲ್ಲ" ಎಂದರು. ಯಾರಲ್ಲ? ಅಮ್ಮ! ಹಿಂದಿನ ದಿನ ಕೋಣೆ ಗುಡಿಸಿದವಳು ಅವಳು, ಕೈ ತಾಗಿ ಬೀಳಿಸಿ ಹೆದರಿ ಸುಮ್ಮನಿದ್ದಾಳೆ ಎಂದು ಅಪ್ಪ ಅಂದುಕೊಂಡಿದ್ದರಂತೆ. ನೀನು ಬೆರಳು ತೋರಿಸಿದಾಗ ಅಲ್ಲವೆಂದರೆ ಅದು ಅವಳ ಕಡೆ ತಿರುಗುತ್ತದಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ. ನಾನು ಸ್ಕೂಟರ್ ಹತ್ತಿ ಮನೆಗೆ ಓಡಿದೆ. ಅಮ್ಮನಿಗೆ ಹೇಳಿದರೆ ಅವಳು ಒಲೆ ಆರಿಸಿ, ಸ್ಟೂಲಿನ ಮೇಲೆ ಕೂತು ಅತ್ತಳು. "ನಿಮ್ಮಪ್ಪ ಕಿಟಕಿ ಹಾಕೋಕೆ ಆ ಕೋಣೆಗೆ ಹೋಗಿದ್ರು ಕಣೇ. ಅವರ ಕೈ ನಡುಗುತ್ತಲ್ಲ, ಬೀಳಿಸಿರ್ತಾರೆ, ನಾನ್ಯಾಕೆ ಬಾಯಿ ಬಿಟ್ಟು ಅವಮಾನ ಮಾಡ್ಲಿ ಅಂತ ಸುಮ್ನಿದ್ದೆ." ಮನೆ ತುಂಬ ಅನುಮಾನ ಇಟ್ಟುಕೊಂಡು, ಒಬ್ಬರನ್ನೊಬ್ಬರು ಕಾಪಾಡುತ್ತ, ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು. ತಪಾಸಣೆಯ ಅಕ್ಕನಿಗೆ ಮಾತ್ರ ಏನೂ ಕಂಡಿರಲಿಲ್ಲ.

ಇವತ್ತು ಅಮ್ಮನೂ ಅಂಗಡಿಗೆ ಬಂದಿದ್ದಳು. ಕತ್ತನ್ನು ಒಡಲಿಗೆ ಬಿಗಿದೆವು. ಅಪ್ಪ ಬಾಬಿನ್‌ಗೆ ದಾರ ಸುತ್ತುವ ಹಾಗೆ ತಂತಿಗಳನ್ನು ಒಂದರ ಮೇಲೊಂದು ಹತ್ತದಂತೆ ಸುತ್ತಿದರು. ಫೋನಿನ ಶ್ರುತಿ ನೋಡುವ ಆ್ಯಪಿನಲ್ಲಿ ಹಸಿರು ಗೆರೆ ಬರುವ ತನಕ ನಾನು ಕಿವಿ ಹಿಂಡಿದೆ. ಅಪ್ಪ ಹೆಬ್ಬೆರಳಿನಿಂದ ಒಮ್ಮೆ ಮೀಟಿ, ಅದು ನಿಲ್ಲುವ ತನಕ ಕೇಳಿ, "ತಗಡಿನ ಹಾಗೇನಿಲ್ಲ" ಎಂದರು. ಆಮೇಲೆ ಒಮ್ಮೆಲೇ ಸಿಟ್ಟು ಬಂತು. "ಪಾಪ, ಏನೂ ತಿಳೀದ ಹುಡುಗನಿಗೆ ಮುರುಕಲು ಕಟ್ಟಿ ಕಳಿಸಿದಾನೆ ಆ ಮುದುಕ. ಬರೋ ಭಾನುವಾರ ಹೋಗಿ ಅಂಗಡಿ ಮುಂದೆ ನಿಂತು ಕೇಳ್ತೀನಿ, ನಾಲ್ಕು ಜನಕ್ಕೆ ಗೊತ್ತಾಗ್ಲಿ" ಎಂದು ಹಟ ಹಿಡಿದಿದ್ದಾರೆ. ನೀನು ಹಾಗೆ ಕೂಗಾಡಿದ್ದರಲ್ಲೂ ತಪ್ಪಿಲ್ಲವಂತೆ.

ಇಷ್ಟು ಸುದ್ದಿ. ಅಮ್ಮ ಕೆಮ್ಮಿಗೆ ಕಷಾಯದ ಪುಡಿ ಕಟ್ಟಿಡುತ್ತಿದ್ದಾಳೆ, ಬೇರೆ ಕಳಿಸುತ್ತೇನೆ. ನಾನು ಬರೆಯುತ್ತಿರುವಾಗ ಅಪ್ಪ ಎರಡು ಸಲ ಬಂದು ಕಾಗದ ನೋಡಿ ಹೋದರು; ಅದನ್ನೇ ಅವರ ಆಶೀರ್ವಾದ ಎಂದುಕೋ. ಹೊಟ್ಟೆ ತುಂಬ ತಿನ್ನು, ಮೈ ನೋಡಿಕೋ.

ನಿನ್ನನ್ನು ಬೈಯುವ ಹಕ್ಕು ಇನ್ನೂ ಬಿಟ್ಟುಕೊಡದ
ಅಕ್ಕ

ತಾ.ಕ.: ಲಕೋಟೆ ಅಂಟಿಸಿರಲಿಲ್ಲ. ಸ್ಕೂಟರಿನ ಸೀಟಿನ ಮೇಲಿಟ್ಟು ಗೀಚುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೋ. ಮನಸ್ಸು ಒಪ್ಪಲಿಲ್ಲ ಕಣೋ. ತನ್ನ ಮಾಲಿನಲ್ಲಿ ತಾನೇ ಕೊರತೆ ಹೇಳುವ ಆ ವಾದ್ಯದಂಗಡಿಯ ಮನುಷ್ಯ ಬಿರುಕಿಗೆ ಬಣ್ಣ ಬಳಿದು ಮಾರುತ್ತಾನೆಯೇ? ಟೈರ್ ಅಂಗಡಿಯಲ್ಲಿರುವ, ನಿನ್ನ ಜೊತೆ ಡ್ರಮ್ ಬಾರಿಸುತ್ತಿದ್ದ ಗೆಳೆಯನ ಹತ್ತಿರ ಹೋದೆ. ಅಂಟು ಹಾಕಿದ್ದು ಯಾರು ಎಂದೆ. ಅವನು ಒಪ್ಪಿಕೊಂಡ. "ಪ್ರೋಗ್ರಾಮ್ ಮುಗಿಸಿ ಬರುವಾಗ ಗಿಟಾರು ವ್ಯಾನಿಂದ ಬಿದ್ದಿತ್ತು ಅಕ್ಕಾ. ನಾವಿಬ್ರೇ ಅಂಟಿಸಿ ಬಣ್ಣ ಹಚ್ಚಿದ್ವಿ. ಅಂಟು ಕೈಕೊಡ್ತು ಅಂತ ಅವನು ಮನೆ ಬಿಟ್ಟ ದಿನ ಬೆಳಿಗ್ಗೆನೇ ನಂಗೆ ಫೋನ್ ಮಾಡಿದ್ದ." ಬೆಳಿಗ್ಗೆಯೇ. ಅಂದರೆ ಅಪ್ಪನ ಮುಖಕ್ಕೆ ಬೆರಳು ಮಾಡುವ ಮೊದಲೇ ನಿನಗೆ ಗೊತ್ತಿತ್ತು. ಹೊರಡಲು ಒಂದು ನೆಪ ಬೇಕಿದ್ದರೆ ಬೇರೆ ಯಾವುದೂ ಸಿಗಲಿಲ್ಲವೇ? ನಾನು ಅಪ್ಪನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಭಾನುವಾರ ಅವರು ಒಳ್ಳೆಯ ಅಂಗಿ ಹಾಕಿಕೊಂಡು, ನಿನ್ನ ಪರವಾಗಿ, ತಪ್ಪೇ ಮಾಡದ ಮುದುಕನ ಮೇಲೆ ಜಗಳಕ್ಕೆ ಹೊರಡುತ್ತಾರೆ. ಅಷ್ಟರೊಳಗೆ ಅಂಗಡಿಗೆ ಫೋನ್ ಮಾಡು. ನನಗೆ ಬೇಡ, ಅಮ್ಮನಿಗೂ ಬೇಡ. ಅಂಗಡಿಗೆ ಮಾಡು, ಅಪ್ಪನೇ ಎತ್ತುತ್ತಾರೆ.