ಸಗೂಗೆ ಬಂದ ಸೊನ್ನೆ

ಅರಬೈಲ್ ಹತ್ತಿರದ ಗೌಳಿವಾಡ, ಮಂಗಳವಾರ

ಅಪ್ಪಾಜಿಗೆ ನೀಲಾಂಬಿಕೆಯ ನಮಸ್ಕಾರ.

ಟೀಚರ್ ನೌಕರಿ ಬಿಟ್ಟು ಸಂಶೋಧನೆಗೆ ಸೇರಿದೆನೆಂದು ನೀವು ಮುನಿಸಿಕೊಂಡಿದ್ದೀರಿ. ಆದರೂ ಬರೆಯುತ್ತಿದ್ದೇನೆ.

ಇಲ್ಲಿನ ಶಾಲೆಯಲ್ಲಿ ಸಗೂ ಎಂಬ ಎಂಟು ವರ್ಷದ ಹುಡುಗಿ ಬಾಯೇ ಬಿಡುವುದಿಲ್ಲ. ಮಕ್ಕಳ ಕಲಿಕೆ ಅಳೆಯಲು ನಾವು ಕನ್ನಡದಲ್ಲಿ ಮಾಡುವ ಪರೀಕ್ಷೆಯಲ್ಲಿ ಅವಳಿಗೆ ಸೊನ್ನೆ ಬಂತು. ಮೊನ್ನೆ ಸಂಜೆ ಅವಳ ಮನೆಗೆ ಹೋದೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹತ್ತೊಂಬತ್ತು ಎಮ್ಮೆಗಳನ್ನೂ ಒಂದೊಂದಾಗಿ ಹೆಸರು ಹಿಡಿದು ಕರೆದಳು; ಕರೆದದ್ದು ಮಾತ್ರ ಒಳಗೆ ಬಂತು. ಯಾವ ಕರು ಯಾವುದರದ್ದು ಎಂದು ತನ್ನ ಮರಾಠಿಯಲ್ಲಿ ನನಗೇ ಪಾಠ ಮಾಡಿದಳು. ಪರೀಕ್ಷೆಯ ಪ್ರಶ್ನೆಗಳನ್ನೇ ಅವಳ ಅಜ್ಜಿಯಿಂದ ಅವರ ಮಾತಿನಲ್ಲಿ ಕೇಳಿಸಿದೆ. ಹದಿನಾರಕ್ಕೆ ಹದಿನಾಲ್ಕು ಸರಿ!

ನಮ್ಮ ಯೋಜನೆಯ ಮುಖ್ಯಸ್ಥರು ಫೋನಿನಲ್ಲಿ, “ಅಜ್ಜಿ ಕೇಳಿದ್ದೆಲ್ಲ ಲೆಕ್ಕಕ್ಕಿಲ್ಲ ಮೇಡಂ. ಸೊನ್ನೆ ಅಂತಲೇ ಕಳಿಸಿ, ಇಲ್ಲಾಂದ್ರೆ ವರದಿಯಲ್ಲಿ ನಿಮ್ಮ ಹೆಸರಿರೋದಿಲ್ಲ” ಎಂದರು.

“ಹೆಸರು ಬೇಕಾದ್ರ ತೆಗೀರಿ ಸರ್. ಸೊನ್ನೆ ಮಾತ್ರ ನಾ ಬರಿಯೂದಿಲ್ರಿ” ಎಂದೆ. ಹದಿನಾಲ್ಕು ಎಂದೇ ಬರೆದು, ಅಜ್ಜಿಯ ಹೆಬ್ಬೆಟ್ಟು ಒತ್ತಿಸಿ, ಇಂದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ.

ಅಪ್ಪಾಜಿ, ಹನ್ನೆರಡು ವರ್ಷ ಪಾಠ ಮಾಡುವಾಗ ಇಂಥ ಎಷ್ಟು ಮಕ್ಕಳ ಹೆಸರಿನ ಮುಂದೆ ನಾನೇ ‘ಮಂದ’ ಎಂದು ಬರೆದಿದ್ದೇನೋ! ಇನ್ನು ಬರೆಯುವುದಿಲ್ಲ.

ಇಲ್ಲಿ ಉಂಬಳವೆನ್ನುವ ಜಿಗಣೆ ಕಚ್ಚಿ ಕಾಲು ತುರಿಸುತ್ತಿದೆ, ಜ್ವರವಿಲ್ಲ, ಅವ್ವನಿಗೆ ಹೇಳಿ. ನೌಕರಿಗೆ ಮರಳು ಎಂದು ಮಾವನಿಂದ ಮತ್ತೆ ಫೋನ್ ಮಾಡಿಸಬೇಡಿ. ಸೊನ್ನೆ ಬಂದ ಮಕ್ಕಳು ಇನ್ನೂ ಏಳು ಮಂದಿ ಇದ್ದಾರೆ. ನಾಳೆ ಬೆಳಿಗ್ಗೆ ಅವರ ಮನೆಗಳಿಗೆ ಹೊರಟಿದ್ದೇನೆ.

ನಿಮ್ಮ ಮಗಳು,
ನೀಲಾ