ಅಳಿಸಿಹೋದ ಅಕ್ಕನ ಹಾಡುಗಳು

ಮಾರ್ಚ್ ೧೪, ಶುಕ್ರವಾರ

ಅಕ್ಕನ ಹಾಡುಗಳು ಸಿಗಲಿಲ್ಲ. ಅಳಿಸಿಹೋದ ಡೇಟಾ ಹುಡುಕಿಕೊಡುವುದೇ ನನ್ನ ಕಸುಬು. ಊರವರದ್ದೆಲ್ಲ ಹುಡುಕಿಕೊಟ್ಟೆ, ಮನೆಯದ್ದು ಆಗಲಿಲ್ಲ.

ಗಂಟಲಿನ ಆಪರೇಷನ್ ಆದ ಮೇಲೆ ಅಕ್ಕನಿಗೆ ಪಿಸುಮಾತಷ್ಟೇ ಉಳಿದಿದೆ. ಅವಳು ಹಾಡಿದ್ದೆಲ್ಲ ಲ್ಯಾಪ್‌ಟಾಪಿನಲ್ಲಿತ್ತು. ಜಾಗ ಸಾಲದೆಂದು ಭಾವ ಮೊನ್ನೆ ನೋಡದೆ ಅಳಿಸಿಬಿಟ್ಟಿದ್ದಾರೆ.

“ಬೇರೆಯವರದ್ದೆಲ್ಲ ತೆಗೆದುಕೊಡ್ತೀಯಲ್ಲೋ?” ಎಂದರು ಭಾವ, ತಲೆ ತಗ್ಗಿಸಿಕೊಂಡೇ.

“ಅವು ಹಳೇ ಹಾರ್ಡ್ ಡಿಸ್ಕ್, ಭಾವ. ಅಳಿಸಿದ್ರೂ, ಅದರ ಮೇಲೆ ಬೇರೆ ಏನಾದ್ರೂ ಬರೆಯೋವರೆಗೂ ಒಳಗೇ ಇರುತ್ತೆ. ಇದು ಹೊಸ ತರದ ಡಿಸ್ಕ್, ಎಸ್‌ಎಸ್‌ಡಿ. ಅಳಿಸಿದ್ರೆ ತಾನೇ ಒಳಗೆಲ್ಲ ಗುಡಿಸಿ ಹಾಕಿಬಿಡುತ್ತೆ.”

ಅದನ್ನು ಹಾಕಿಕೊಟ್ಟವನು ನಾನೇ. ಹಳೆಯದು ಆಮೆಯಂತೆ ತೆವಳುತ್ತದೆಂದು ಅಕ್ಕ ಗೊಣಗಿದ್ದಳು. ಅವಳ ಹುಟ್ಟುಹಬ್ಬಕ್ಕೆಂದು ಬದಲಿಸಿ, ಹಳೆಯದನ್ನು ಗುಜರಿಗೆ ಹಾಕಿದ್ದೆ. ಎಷ್ಟು ಹಿಗ್ಗಿದ್ದಳು! ಇನ್ನೊಂದು ಪ್ರತಿ ಬೇರೆ ಕಡೆ ಇಡಬೇಕಿತ್ತು. ಬಂದ ಗಿರಾಕಿಗಳಿಗೆಲ್ಲ ನಾನು ಹೇಳುವ ಮಾತೇ ಅದು.

ಅಕ್ಕ ಯಾರ ಮೇಲೂ ಹರಿಹಾಯಲಿಲ್ಲ. ನನ್ನ ಕಿವಿಯ ಹತ್ತಿರ ಬಂದು, “ಹೋಗ್ಲಿ ಬಿಡು. ನನ್ನ ದನಿ ನಿಂಗೆ ನೆನಪಿದೆ ತಾನೇ?” ಎಂದಳು.

“ಇದೆ ಅಕ್ಕಾ,” ಎಂದೆ.

ಆಗಿನಿಂದ ನೆನಪಿಸಿಕೊಳ್ಳುತ್ತಲೇ ಇದ್ದೇನೆ. ಹಾಡಿನ ಪದಗಳು ಬರುತ್ತವೆ, ಹಾಡುವಾಗ ಅವಳು ಕಣ್ಣು ಮುಚ್ಚುತ್ತಿದ್ದದ್ದು ಬರುತ್ತದೆ. ಕಿವಿಯಲ್ಲಿ ಮಾತ್ರ ಇವತ್ತಿನ ಆ ಪಿಸುಮಾತೇ...