ಹಾಲಿನ ಕಾಲಮಿನಲ್ಲಿ ನಾನು ಬರೆದ ‘ಹೌದು’

ಮಾನ್ಯರೇ, ರಾಜ್ಯದ ಮಕ್ಕಳ ಬಡತನವನ್ನು ದಶಮಾಂಶದ ಎರಡು ಸ್ಥಾನದವರೆಗೆ ಅಳೆದು ಮುಗಿಸಿದ ಹಿರಿಯ ಅಧಿಕಾರಿಗಳೇ,

ನಿಮ್ಮ ವರದಿಯಲ್ಲಿ ಒಂದು ಸುಳ್ಳಿದೆ. ಅದನ್ನು ಬರೆದವನು ನಾನೇ. ತಿದ್ದಿಕೊಡುತ್ತೇನೆ ಎಂದು ಮೂರು ಅರ್ಜಿ ಹಾಕಿದೆ. ‘ದತ್ತಾಂಶ ಅಂತಿಮಗೊಂಡಿದೆ’ ಎಂಬ ಒಂದು ಸಾಲಿನ ಉತ್ತರ ಬಂತು. ಹಾಗಾಗಿ ಈಗ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ. ಸರ್ಕಾರಿ ಶಾಲೆಯ ಮಾಸ್ತರನೊಬ್ಬ ಹೀಗೆ ಬಹಿರಂಗವಾಗಿ ಬರೆಯಬಾರದೆಂಬ ನಿಯಮ ನನಗೆ ಗೊತ್ತು. ದಯವಿಟ್ಟು ಶಿಸ್ತುಕ್ರಮ ಕೈಗೊಳ್ಳಿ. ಆ ನೆಪದಲ್ಲಾದರೂ ನಮ್ಮೂರಿನ ಕಡತ ತೆರೆದೀತು.

ಕಳೆದ ವರ್ಷ ಇರಕಲ್ಲಗಡ ಹೋಬಳಿಯ ನಮ್ಮ ಊರಿನ ಸಮೀಕ್ಷೆಗೆ ನನ್ನನ್ನು ಹಾಕಿದಿರಿ. ಆಯ್ಕೆಯಾದ ಮನೆಗಳಲ್ಲಿ ಕರಿಯವ್ವನದೂ ಒಂದು. ಗಂಡ ತೀರಿಕೊಂಡಿದ್ದಾನೆ, ಕೂಲಿ ಮಾಡಿ ಇಬ್ಬರು ಮಕ್ಕಳನ್ನು ಸಾಕುತ್ತಾಳೆ. ದೊಡ್ಡವಳು ಸಹನಾ, ನನ್ನದೇ ಐದನೇ ತರಗತಿ. ಮಾಸ್ತರ ಮನೆಗೆ ಬಂದರೆ ಏನೂ ಕೊಡದೆ ಕಳಿಸುವ ರೂಢಿ ನಮ್ಮ ಕಡೆ ಇಲ್ಲ. ಕರಿಯವ್ವ ಕಂಬಳಿ ಹಾಸಿ ಕೂರಿಸಿದಳು. ಸಹನಾ ಎಲ್ಲಿಗೋ ಓಡಿಹೋಗಿ ಬಂದಳು. ಗಟ್ಟಿ ಹಾಲಿನ ಚಹಾ ಬಂತು. ಕುಡಿಯುತ್ತಲೇ ಕೇಳಿದೆ: “ಮಕ್ಳು ಹಾಲು ಕುಡಿತಾರೇನವ್ವ?”

“ಕುಡಿತಾರ್ರಿ ಸರ.”

“ಹಸಗೊಂಡು ಮಲಗಿದ್ದು ಏನರ ಐತೇನು?”

“ಅಯ್ಯ, ಇಲ್ರಿ. ದೇವ್ರು ಛಲೋ ಇಟ್ಟಾನ.”

ಬರೆದುಕೊಂಡೆ. ಅನುಮಾನ ಯಾಕೆ ಬರಬೇಕು? ಸಾಕ್ಷಿ ನನ್ನ ಕೈಯ ಲೋಟದಲ್ಲೇ ಇತ್ತು. ಬಾಗಿಲ ಬಳಿ ನಿಂತ ಸಹನಾ ನನ್ನತ್ತ ನೋಡುತ್ತಿದ್ದಳು. ಮಾಸ್ತರನ್ನು ಕಂಡು ನಾಚಿಕೆ ಅಂದುಕೊಂಡೆ. ಹುಡುಗಿ ನೋಡುತ್ತಿದ್ದುದು ನನ್ನನ್ನಲ್ಲ, ಲೋಟವನ್ನು ಎಂಬುದು ಇಪ್ಪತ್ತೆಂಟು ವರ್ಷ ಪಾಠ ಮಾಡಿದವನಿಗೆ ತಿಳಿಯಲಿಲ್ಲ.

ಒಂದು ಮನೆಯ ಉತ್ತರ ಅಂಥ ಸಾವಿರಾರು ಮನೆಗಳ ಪರವಾಗಿ ನಿಲ್ಲುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದಿರಿ. ಎಂಥ ಸೊಗಸಾದ ವಿಜ್ಞಾನ! ಒಬ್ಬ ತಾಯಿ ಮರ್ಯಾದೆಗೆ ಅಂಜಿ ಹೇಳಿದ ‘ಹೌದು’ ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಎಷ್ಟು ಮಕ್ಕಳಿಗೆ ಕಾಗದದ ಮೇಲೆ ಹಾಲು ಕುಡಿಸಿತೋ? ರಾಜ್ಯದ ಬಡತನದ ಪ್ರಮಾಣ ಇಳಿಯಿತು, ನಿಮ್ಮ ಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ಪ್ರಮಾಣ ಇಳಿದ ಮೇಲೆ ಮಕ್ಕಳಿಗೆ ಸಂಜೆಯ ಊಟದ ಕೇಂದ್ರವೇಕೆ? ‘ಅಗತ್ಯ ಕಂಡುಬಂದಿಲ್ಲ’ ಎಂದು ನಮ್ಮೂರಿನದನ್ನು ಮುಚ್ಚಿದಿರಿ. ಅಗತ್ಯ ಯಾರ ಕಣ್ಣಿಗೆ ಕಾಣಬೇಕಿತ್ತು ಸ್ವಾಮೀ?

ಸಹನಾ ಮತ್ತು ಅವಳ ತಮ್ಮ ದಿನವೂ ಅಲ್ಲಿ ಉಣ್ಣುತ್ತಿದ್ದರು. ಕೇಂದ್ರ ಮುಚ್ಚಿದ ಹದಿನೈದೇ ದಿನಕ್ಕೆ ಅವಳು ಶಾಲೆ ಬಿಟ್ಟಳು. ಕೇಳಲು ಹೋದೆ.

“ಬೀಜದ ಹೊಲಕ್ಕ, ಹೂವಿಗೆ ಹೂ ಮುಟ್ಟಿಸಿ ಕೂಡ್ಸೋ ಕೂಲಿಗೆ ಕಳಸೀನ್ರಿ,” ಎಂದಳು ಕರಿಯವ್ವ, ತಲೆ ಎತ್ತದೆ. “ಸಾಲ್ಯಾಗ ಮಧ್ಯಾನ್ನದ ಊಟ ಐತಿ, ಖರೆ. ಸಂಜಿಗೆ ಏನ್ ಮಾಡ್ಲಿ? ಆ ಹೊಲದವ್ರು ನಾಕು ರೊಟ್ಟಿ ಕಟ್ಟಿ ಕಳಸ್ತಾರ. ತಮ್ಮಗೂ ಆಕ್ಕೈತಿ.”

“ಅವತ್ತ ಹಾಲು ಕುಡಿತಾರ ಅಂದಿದ್ದೆಲ್ಲವ್ವ?”

“ಅದು ಬಾಜೂ ಮನಿ ಹುಲಗಮ್ಮನ ಕಡಿಂದ ಕೈಗಡ ತಂದದ್ರಿ. ನಾವು ಹಾಲಿಲ್ಲದ ಚಾ ಕುಡಿಯೋ ಮಂದಿ. ಮನಿಗೆ ಬಂದ ಮಾಸ್ತರ ಮುಂದ ಮಕ್ಳು ಉಪಾಸ ಅದಾವ ಅಂತ ಹೆಂಗ ಹೇಳ್ಲಿ?”

ಅವಳು ನನಗೆ ಮರ್ಯಾದೆ ಕೊಟ್ಟಳು, ನಾನು ಅವಳ ಮಕ್ಕಳ ಅನ್ನ ಕಳೆದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಆ ‘ಹೌದು’ ಹೊಡೆದುಹಾಕಿ ‘ಇಲ್ಲ’ ಎಂದು ಬರೆಯಲು ಬಿಡಿ. ಕೇಂದ್ರದ ಬೀಗ ತೆಗೆಸಿ. ಮುಂದಿನ ಸಲ ಅಳೆಯಲು ಬರುವವರು ಚಹಾ ಕುಡಿಯದೆ, ಮೊದಲು ಅಡುಗೆಮನೆಯ ಡಬ್ಬಿಗಳನ್ನು ತೆರೆದು ನೋಡಲಿ.

ಮೊನ್ನೆ ಬೆಳಿಗ್ಗೆ ಹೊಲದ ಟೆಂಪೊಗೆ ಕಾಯುತ್ತಿದ್ದ ಸಹನಾ ಸಿಕ್ಕಳು. ಅವರ ಮನೆಯ ಉತ್ತರ ತಪ್ಪಾಗಿ ಬರೆದಿದ್ದೇನೆ, ಮೇಲಿನವರು ತಿದ್ದಲು ಬಿಡುತ್ತಿಲ್ಲ ಎಂದು ಅವಳಿಗೆ ಹೇಳಿದೆ.

“ನಾವು ತಪ್ಪು ಬರದ್ರ ಅಳಿಸಿ ಬರಿ ಅಂತೀರಲ್ರಿ ಸರ. ಅವ್ರ ಕಡೆ ರಬ್ಬರ್ ಇಲ್ಲೇನ್ರಿ?”

ಇದಕ್ಕೆ ಉತ್ತರ ನಿಮಗೆ ಹೊಳೆದರೆ ನೇರವಾಗಿ ಅವಳಿಗೇ ಬರೆಯಿರಿ. ಓದಲು ಬರುತ್ತದೆ, ನಾನೇ ಕಲಿಸಿದ್ದೇನೆ.

ಇಂತಿ,
ಕೈಗಡದ ಹಾಲು ಕುಡಿದು ‘ಹೌದು’ ಬರೆದ ಗಣತಿದಾರ,
ಉಮಾಪತಿ ಮಾಸ್ತರ